ಎಲ್4-ಎಲ್5 ಡಿಸ್ಕ್: ಒಬ್ಬರು ಸ್ಕ್ರೂ ಹಾಕೋಣ ಅಂತಾರೆ, ಒಬ್ಬರು ಕಾಯಿರಿ ಅಂತಾರೆ. ಅನುಭವ ಇದ್ದವರು ಹೇಳಿ

ಚೌಕಿಪೇಟೆ_ಗಾದಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ. ಪುರುಸೊತ್ತು ಇದ್ದವರು ಪೂರ್ತಿ ಓದಿ.

ನನಗೆ 43 ವರ್ಷ. ಚೌಕಿಪೇಟೆಯಲ್ಲಿ ಅಪ್ಪನ ಕಾಲದ ಜವಳಿ ಅಂಗಡಿ ನಮ್ಮದು. ಕೌಂಟರ್ ಗಿಂಟರ್ ಇಲ್ಲ. ಬಿಳಿ ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ವ್ಯಾಪಾರ. ಗಿರಾಕಿಗೆ ಇಷ್ಟವಾಗುವ ಸೀರೆ ಯಾವತ್ತೂ ಅಟ್ಟಿಯ ತಳದಲ್ಲೇ ಇರುತ್ತದೆ. ಕೂತಲ್ಲಿಂದಲೇ ಮುಂದಕ್ಕೆ ಬಾಗಿ, ಸೊಂಟ ತಿರುವಿ, ಎಡಗೈಲಿ ಮೇಲಿನ ಹೊರೆ ಎತ್ತಿ ಹಿಡಿದು ಬಲಗೈಲಿ ಅದನ್ನು ಎಳೆಯಬೇಕು. ಎಳೆದ ಮೇಲೆ ಅವರು "ಇದೇ ಬಣ್ಣದಲ್ಲಿ ಬಾರ್ಡರ್ ಸಣ್ಣದು ಇಲ್ವಾ" ಅಂತಾರೆ. ಮತ್ತೆ ಬಾಗು. ಇಪ್ಪತ್ತು ವರ್ಷದಿಂದ ಇದೇ ಕೆಲಸ.

ಶ್ರಾವಣದ ಕೊನೆಯಲ್ಲಿ ಸೂರತ್ತಿನಿಂದ ಬಂದ ಬೇಲ್ ಸರಿಸುವಾಗ ಸೊಂಟ ಹಿಡಿಯಿತು. ಅದು ಹೊಸದಲ್ಲ, ವರ್ಷಕ್ಕೆ ಒಂದು ಸಲ ಹಿಡಿಯುವುದೇ. ಮುಲಾಮು ಹಚ್ಚಿ ಸುಮ್ಮನಿದ್ದೆ. ಆದರೆ ಈ ಸಲ ಗಣಪತಿ ಹಬ್ಬದ ಹೊತ್ತಿಗೆ ಸೊಂಟದ ನೋವು ಕಡಿಮೆಯಾಗಿ ಎಡಗಾಲಿಗೆ ಇಳಿಯಿತು. ಪಿರ್ರೆಯಿಂದ ಶುರುವಾಗಿ ತೊಡೆಯ ಹೊರಗಡೆ, ಮೀನಖಂಡದ ಪಕ್ಕ, ಅಲ್ಲಿಂದ ಪಾದದ ಮೇಲ್ಭಾಗ. ಹೆಬ್ಬೆರಳು ಯಾವಾಗಲೂ ಜೋಮು. ಸೀನಿದರೆ ಕಾಲಿಗೆ ಕರೆಂಟ್ ಹೊಡೆಯುತ್ತದೆ. ನಿಂತರೆ ಪರವಾಗಿಲ್ಲ, ಕೂತರೆ ಆಗುವುದಿಲ್ಲ. ನನ್ನ ಹೊಟ್ಟೆಪಾಡೇ ಕೂರುವುದು!

ಎಂಆರ್‌ಐ ಮಾಡಿಸಿದೆ. ಎಲ್4-ಎಲ್5ರಲ್ಲಿ, ಅಂದರೆ ಸೊಂಟದ ನಾಲ್ಕನೇ ಐದನೇ ಮೂಳೆಗಳ ನಡುವೆ, ಡಿಸ್ಕ್ ಎಕ್ಸ್‌ಟ್ರೂಷನ್ (ಮೂಳೆಗಳ ನಡುವಿನ ಮೆತ್ತೆಯ ಚೂರು ಹೊರಗೆ ಬಂದಿದೆ), ಎಡಗಡೆ ಎಲ್5 ನರದ ಬೇರನ್ನು ಒತ್ತಿದೆ ಅಂತ ಬರೆದಿದ್ದಾರೆ. ಅದರ ಕೆಳಗಿನ ಡಿಸ್ಕ್, ಎಲ್5-ಎಸ್1ರಲ್ಲಿ ಸಣ್ಣ ಬಲ್ಜ್ (ಉಬ್ಬು) ಅಂತಲೂ ಇದೆ. ಶುಗರ್ ಇದೆ ನನಗೆ, ಮಾತ್ರೆ ತಗೊಳ್ಳುತ್ತೇನೆ.

ಇಬ್ಬರು ಡಾಕ್ಟರಿಗೆ ತೋರಿಸಿದೆ. ಹೆಸರು ಬೇಡ. ಮೊದಲನೆಯವರು ಫಿಲಂ ಅನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು. ಕಾಲು ಮುಟ್ಟಿ ನೋಡಲಿಲ್ಲ. "ಎರಡು ಲೆವೆಲ್ ಹೋಗಿದೆ, ಸ್ಕ್ರೂ ರಾಡ್ ಹಾಕಿ ಗಟ್ಟಿ ಮಾಡಿಬಿಡೋಣ" ಅಂದರು. ಎರಡನೆಯವರು ಮಲಗಿಸಿ ಕಾಲು ಎತ್ತಿ ನೋಡಿದರು, ಅರ್ಧಕ್ಕೇ ಪ್ರಾಣ ಹೋಯಿತು. "ಮಾತ್ರೆ, ಫಿಸಿಯೋ ಮಾಡಿ, ಕಡಿಮೆ ಆಗದಿದ್ದರೆ ಆಪರೇಷನ್" ಅಂದರು. ಅದೆಲ್ಲ ಮಾಡಿ ದೀಪಾವಳಿಯೂ ಮುಗಿಯಿತು. ನೋವು ಸ್ವಲ್ಪ ಇಳಿದಿದೆ, ಹೋಗಿಲ್ಲ.

ಮನೆಯಲ್ಲಿ ಅಮ್ಮ ಒಪ್ಪುತ್ತಿಲ್ಲ. ನಮ್ಮ ಕಾಟನ್ ಮಿಲ್ಲಿನ ಓಣಿಯಲ್ಲಿ ಹಿಂದೆ ಯಾರೋ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಹಾಸಿಗೆ ಹಿಡಿದರಂತೆ. ಆ ಕಥೆ ದಿನಾ ಒಂದು ಸಲ ಕೇಳಬೇಕು. ಇತ್ತ ತುಳಸಿ ಲಗ್ನ ಆದರೆ ಮದುವೆ ಸೀಸನ್ ಶುರು, ಅಂಗಡಿ ಬಿಟ್ಟು ಮಲಗಲು ಆಗುವುದಿಲ್ಲ.

ಕೇಳುವುದು ಇಷ್ಟು: ಆಪರೇಷನ್ ಮಾಡಿಸಿಕೊಂಡವರು ನಿಜವಾಗಿ ಹೇಗಿದ್ದೀರಿ? ಸೀಸನ್ ಮುಗಿಯುವವರೆಗೆ ತಳ್ಳಬಹುದಾ? ಈ ಸ್ಕ್ರೂ ಬೇಕೇ ಬೇಕಾ?

ಹತ್ತುಚಕ್ರ (ಹರಿಹರ)

ಅಣ್ಣಾ, ನಾನು ಮಾಡಿಸಿಕೊಂಡವನು. ಲಾರಿ ಓಡಿಸುತ್ತಿದ್ದೆ. ಈಗ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತೇನೆ. ನಾಲ್ಕು ವರ್ಷ ಆಯಿತು.

ಮೊದಲು ಒಂದು ಮಾತು. ಸೊಂಟ ನೋವಿಗೆ ಅಂತ ಆಪರೇಷನ್ ಮಾಡಿಸಬೇಡಿ. ಕಾಲಿಗೆ ಅಂತಾದರೆ ಮಾಡಿಸಿ. ನನ್ನ ಸರ್ಜನ್ ಇದನ್ನು ಮೊದಲ ದಿನವೇ ಹೇಳಿದರು. "ನಾನು ತೆಗೆಯುವುದು ನರದ ಮೇಲೆ ಕೂತಿರುವ ಚೂರು. ಅದು ತೆಗೆದರೆ ಕಾಲು ನೋವು ಹೋಗುತ್ತದೆ. ಸೊಂಟ ನೋವು ಹೋಗುತ್ತದೆ ಅಂತ ನಾನು ಬರೆದುಕೊಡಲ್ಲ." ಹಾಗೇ ಆಯಿತು. ಕಾಲು ನೋವು ಆಪರೇಷನ್ ಆಗಿ ಎಚ್ಚರ ಆದಾಗಲೇ ಇರಲಿಲ್ಲ. ಸೊಂಟ ಈಗಲೂ ಬೆಳಗ್ಗೆ ಎದ್ದಾಗ ಬಿಗಿ ಇರುತ್ತದೆ, ಒಂದು ಲೋಟ ಟೀ ಕುಡಿದು ಓಡಾಡಿದರೆ ಬಿಡುತ್ತದೆ.

ನನ್ನದು ಬಲಗಾಲು, ಎಲ್5-ಎಸ್1. ನಿಮಗೆ ಪಾದದ ಮೇಲ್ಭಾಗ, ನನಗೆ ಹಿಮ್ಮಡಿ ಮತ್ತು ಕಿರುಬೆರಳಿನ ಕಡೆ. ನೋವು ಹೇಗೋ ತಡೆದುಕೊಂಡಿದ್ದೆ. ಹುಬ್ಬಳ್ಳಿ ರೋಡಲ್ಲಿ ಒಂದು ರಾತ್ರಿ ಆಕ್ಸಿಲರೇಟರ್ ತುಳಿಯುತ್ತೇನೆ, ಗಾಡಿ ಎಳೆಯುವುದಿಲ್ಲ. ಡೀಸೆಲ್ ಫಿಲ್ಟರ್ ಹೋಯಿತು ಅಂದುಕೊಂಡು ರಾಣೆಬೆನ್ನೂರಿನ ಹತ್ತಿರ ಸೈಡಿಗೆ ಹಾಕಿದೆ. ಗಾಡಿ ಸರಿಯಾಗೇ ಇತ್ತು. ಕೆಳಗೆ ಇಳಿದು ಬಲಗಾಲಿನ ತುದಿ ಮೇಲೆ ನಿಲ್ಲಲು ಹೋದರೆ ಹಿಮ್ಮಡಿ ಮೇಲೇಳುವುದೇ ಇಲ್ಲ. ಎಡಗಾಲಿನಲ್ಲಿ ಆರಾಮಾಗಿ ಆಗುತ್ತದೆ. ಕ್ಲೀನರ್ ಹುಡುಗ ನಗುತ್ತಿದ್ದ, ನಡುರಾತ್ರಿ ಇವನೇನು ಡ್ಯಾನ್ಸ್ ಮಾಡ್ತಾನೆ ಅಂತ.

ಆಪರೇಷನ್ ಹೇಗೆ ಅಂತ ಕೇಳಿ. ಪೂರ್ತಿ ಮಂಪರು ಕೊಡುತ್ತಾರೆ. ಬೋರಲು ಮಲಗಿಸುತ್ತಾರೆ. ಎಕ್ಸ್‌ರೇ ಮಷಿನ್ ಹಿಡಿದು ಯಾವ ಮೂಳೆ ಅಂತ ಲೆಕ್ಕ ಹಾಕಿ ಗುರುತು ಮಾಡುತ್ತಾರೆ. ನಡುಬೆನ್ನಿಗೆ ಒಂದು ಇಂಚಿನಷ್ಟು ಕೊಯ್ಯುತ್ತಾರೆ. ಸ್ನಾಯು ಪಕ್ಕಕ್ಕೆ ಸರಿಸಿ, ಮೂಳೆಯ ಅಂಚು ಸ್ವಲ್ಪ ಕೆರೆದು, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ನರವನ್ನು ಮೆಲ್ಲಗೆ ಸರಿಸಿ ಹಿಂದಿರುವ ಚೂರನ್ನು ಚಿಮಟದಲ್ಲಿ ಎಳೆಯುತ್ತಾರೆ. ಡಿಸ್ಕ್ ಪೂರ್ತಿ ತೆಗೆಯುವುದಿಲ್ಲ, ಹೊರಗೆ ಬಂದದ್ದು ಮತ್ತು ಒಳಗೆ ಸಡಿಲ ಆಗಿರುವುದು ಅಷ್ಟೇ. ನನಗೆ ಆ ಚೂರನ್ನು ಸಣ್ಣ ಬಾಟಲಿಯಲ್ಲಿ ಹಾಕಿ ತೋರಿಸಿದರು. ಎಳನೀರಿನ ಗಂಜಿಯ ಹಾಗೆ ಬೆಳ್ಳಗೆ, ನನ್ನ ಉಗುರಿಗಿಂತ ಸ್ವಲ್ಪ ದೊಡ್ಡದು. ಇಷ್ಟಕ್ಕಾ ನಾನು ರಾತ್ರಿಯೆಲ್ಲ ಗೋಡೆ ಹಿಡಿದು ನಿಂತಿದ್ದು ಅನ್ನಿಸಿತು.

ಮಾರನೇ ದಿನ ನಡೆಸಿದರು. ನೋವು ಹೋಯಿತು, ಬಲ ಬರಲು ತಿಂಗಳುಗಳು ಹಿಡಿಯಿತು. ಜೋಮು ಪೂರ್ತಿ ಹೋಗಲೇ ಇಲ್ಲ, ಕಿರುಬೆರಳು ಈಗಲೂ ನನ್ನದಲ್ಲ. ತಡ ಮಾಡಿದ್ದಕ್ಕೆ ಹಾಗಾಯಿತಾ ಅಂತ ಕೇಳಿದೆ. ಇರಬಹುದು, ಹೇಳಲಾಗುವುದಿಲ್ಲ ಅಂದರು.

ಲಾರಿ ಬಿಟ್ಟೆ. ಡಾಕ್ಟರ್ ಬಿಡು ಅನ್ನಲಿಲ್ಲ. ಆ ಕುಲುಕಾಟ ಡಿಸ್ಕಿಗೆ ಒಳ್ಳೆಯದಲ್ಲ ಅಂತ ಮಾತ್ರ ಅಂದರು. ನಾನೇ ಬಿಟ್ಟೆ.

ಸೀಸನ್ ತಳ್ಳಬಹುದಾ ಅಂತ ಕೇಳಿದಿರಿ. ನೋವಿಗಾದರೆ ತಳ್ಳಿ. ಬಲ ಕಡಿಮೆ ಆಗುತ್ತಿದ್ದರೆ ತಳ್ಳಬೇಡಿ. ಮದುವೆ ಸೀಸನ್ ಪ್ರತಿ ವರ್ಷ ಬರುತ್ತದೆ ಅಣ್ಣಾ.

ಅಡಿಕೆತೋಟ_ಚನ್ನಗಿರಿ

ನನಗೂ ಇದೇ ಎಲ್4-ಎಲ್5 ಆಗಿತ್ತು. ಆಪರೇಷನ್ ಡೇಟ್ ಕೊಟ್ಟಿದ್ದರು. ಅಡಿಕೆ ಕೊಯ್ಲು ಇತ್ತು ಅಂತ ಮುಂದೆ ಹಾಕಿದೆ. ಕೊಯ್ಲು ಮುಗಿಯುವ ಹೊತ್ತಿಗೆ ನೋವು ತಾನಾಗೇ ಹೋಯಿತು. ಮುಂದಿನ ವರ್ಷ ಬೇರೆ ಕಾರಣಕ್ಕೆ ಮತ್ತೆ ಎಂಆರ್‌ಐ ಆಯಿತು. ಆ ದೊಡ್ಡ ಚೂರು ಕಾಣಲೇ ಇಲ್ಲ, ಕರಗಿ ಹೋಗಿದೆ ಅಂದರು. ಆದ್ದರಿಂದ ಅವಸರ ಬೇಡ ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆ ಹಳ್ಳಿಯಲ್ಲಿ ಒಬ್ಬರು ಬೆನ್ನು ತುಳಿದು ಸರಿ ಮಾಡುತ್ತಾರೆ. ತುಂಬಾ ಜನ ಹೋಗುತ್ತಾರೆ. ಬೇಕಾದರೆ ಕೇಳಿ, ವಿಳಾಸ ಕೊಡುತ್ತೇನೆ.

ಫಿಸಿಯೋ_ದುರ್ಗ (ಚಿತ್ರದುರ್ಗ)

ಚನ್ನಗಿರಿ ಸರ್, ಮೊದಲ ಪ್ಯಾರಾಕ್ಕೆ ನಮಸ್ಕಾರ, ಎರಡನೆಯದಕ್ಕೆ ಬೇಡ. ನರ ಒತ್ತಿಕೊಂಡಿರುವ ಬೆನ್ನನ್ನು ಯಾರೂ ತುಳಿಯಬಾರದು. ಹಾಗೆ ತುಳಿಸಿಕೊಂಡು ಬಂದವರು ನನ್ನ ಕ್ಲಿನಿಕ್ಕಿಗೂ ಬರುತ್ತಾರೆ. ಬರುವಾಗ ಇಬ್ಬರು ಹಿಡಿದುಕೊಂಡು ಬಂದಿರುತ್ತಾರೆ.

ಚೂರು ಕರಗುವುದು ಮಾತ್ರ ನಿಜ. ವಿಚಿತ್ರ ಅಂದರೆ ಡಿಸ್ಕಿನಿಂದ ಪೂರ್ತಿ ಹೊರಗೆ ಬಿದ್ದ ದೊಡ್ಡ ಚೂರುಗಳೇ ಸಣ್ಣ ಬಲ್ಜ್‌ಗಿಂತ ಜಾಸ್ತಿ ಕರಗುತ್ತವೆ. ಹೊರಗೆ ಬಂದದ್ದನ್ನು ದೇಹ ಪರಕೀಯ ಅಂತ ತಿಳಿದು ತಿಂದು ಹಾಕುತ್ತದೆ. ಅದಕ್ಕೇ ಮೊದಲ ಆರು ವಾರ ಸಾಮಾನ್ಯವಾಗಿ ಯಾರೂ ಕತ್ತರಿ ಎತ್ತುವುದಿಲ್ಲ.

ಜವಳಿ ಅಂಗಡಿ ಸರ್, ಈಗ ನಿಮ್ಮ ವಿಷಯ. ಫೋನಿನಲ್ಲಿ ಕಾಯಿಲೆ ಹೇಳಲು ಆಗುವುದಿಲ್ಲ, ಆದರೆ ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಚಪ್ಪಲಿ ಬಿಟ್ಟು ನಿಂತು, ಗೋಡೆ ಹಿಡಿದು, ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಎಡಗಾಲಿನ ಮುಂಪಾದ ಕೆಳಗೆ ಬೀಳುತ್ತದಾ? ಆಮೇಲೆ ಕುರ್ಚಿಯಲ್ಲಿ ಕೂತು ಎರಡೂ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ. ಮನೆಯವರಿಗೆ ಎರಡನ್ನೂ ಒಟ್ಟಿಗೆ ಕೆಳಕ್ಕೆ ಒತ್ತಲು ಹೇಳಿ. ಎಡಗಡೆಯದು ಬೇಗ ಸೋತರೆ ಎಲ್5 ನರಕ್ಕೆ ಪೆಟ್ಟು ಬೀಳುತ್ತಿದೆ ಅಂತ. ಹರಿಹರದವರದು ಅದರ ಕೆಳಗಿನ ಎಸ್1 ನರ, ಆದ್ದರಿಂದ ಅವರಿಗೆ ತುದಿಗಾಲು ಆಗಲಿಲ್ಲ. ನಿಮಗೆ ಸೋಲುವುದು ಹೆಬ್ಬೆರಳು. ಚಪ್ಪಲಿ ತಾನಾಗೇ ಜಾರುತ್ತಿದೆ, ನಡೆಯುವಾಗ ಹೊಸ್ತಿಲಿಗೆ ಬೆರಳು ತಗಲುತ್ತಿದೆ ಅಂದರೂ ಅದೇ ಸೂಚನೆ.

ಇನ್ನೊಂದನ್ನು ದಯವಿಟ್ಟು ಎಲ್ಲರೂ ಓದಿ. ಮೂತ್ರ ಬರಬೇಕು ಅನ್ನಿಸಿದರೂ ಹೋಗದೇ ಇರುವುದು, ಅಥವಾ ಹೋದದ್ದೇ ಗೊತ್ತಾಗದಿರುವುದು. ಸೈಕಲ್ ಸೀಟು ತಗಲುವ ಜಾಗದಲ್ಲಿ ಸ್ಪರ್ಶ ಇಲ್ಲದಿರುವುದು. ಮಲದ ಹಿಡಿತ ತಪ್ಪುವುದು. ಎರಡೂ ಕಾಲಿಗೆ ಒಟ್ಟಿಗೆ ನೋವು, ನಿಶ್ಶಕ್ತಿ ಬರುವುದು. ಇವುಗಳಲ್ಲಿ ಯಾವುದೇ ಆದರೂ ಬೆಳಗಾಗುವವರೆಗೆ ಕಾಯಬೇಡಿ. ಬೆನ್ನಿನ ಕೆಳಗಿನ ನರಗಳ ಗೊಂಚಲೇ ಒತ್ತಿಕೊಂಡಾಗ ಹೀಗಾಗುತ್ತದೆ, ಅದಕ್ಕೆ ಕಾಡಾ ಈಕ್ವೈನಾ ಅಂತಾರೆ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು, ಒಂದು ಎರಡು ದಿನ ದಾಟಿದರೆ ಮೂತ್ರದ ಹಿಡಿತ ವಾಪಸ್ ಬರುವುದು ಕಷ್ಟ. ನಾಚಿಕೆಗೆ ಹೇಳದೆ ಇರುವವರೇ ಜಾಸ್ತಿ, ಅದರಲ್ಲೂ ಹೆಂಗಸರು.

ಇಂಥದ್ದೇನೂ ಇಲ್ಲ, ಬರೀ ನೋವು ಅಂದರೆ ಆಯ್ಕೆ ನಿಮ್ಮದು. ಇದಕ್ಕೆ ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿದ ಒಂದು ಒಳ್ಳೆಯ ಪರೀಕ್ಷೆ ಇದೆ, 2007ರಲ್ಲಿ ಪ್ರಕಟವಾಯಿತು. ಆರರಿಂದ ಹನ್ನೆರಡು ವಾರ ಕಾಲುನೋವು ತಿಂದ 283 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದಕ್ಕೆ ಮಾತ್ರೆ, ಫಿಸಿಯೋ, ಆಗಲೇ ಇಲ್ಲ ಅಂದರೆ ಮಾತ್ರ ಆಪರೇಷನ್. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ 100ಕ್ಕೆ 95 ಜನ ಚೆನ್ನಾಗಿದ್ದೇವೆ ಅಂದರು. ವ್ಯತ್ಯಾಸ ವೇಗದಲ್ಲಿ. ಆಪರೇಷನ್ ಗುಂಪಿನಲ್ಲಿ ಅರ್ಧ ಜನ ನಾಲ್ಕು ವಾರದಲ್ಲೇ ಚೇತರಿಸಿಕೊಂಡರು, ಕಾದವರಿಗೆ ಹನ್ನೆರಡು ವಾರ ಬೇಕಾಯಿತು. ಕಾಯುವ ಗುಂಪಿನಲ್ಲೂ 100ಕ್ಕೆ 39 ಜನ ವರ್ಷದೊಳಗೆ ಆಪರೇಷನ್‌ಗೆ ಹೋದರು, ತಡೆಯಲಾಗಲಿಲ್ಲ. ಆದರೆ ಕಾಲು ಎತ್ತಲೇ ಆಗದಷ್ಟು ಬಲ ಹೋದವರನ್ನು ಈ ಪರೀಕ್ಷೆಗೆ ಸೇರಿಸಿರಲಿಲ್ಲ. ಅಂಥವರಿಗೆ ಈ ಲೆಕ್ಕ ಹೇಳಬೇಡಿ.

ಸ್ಕ್ರೂ ವಿಷಯ. ಮೊದಲ ಸಲದ, ಒಂದೇ ಕಡೆಯ ಡಿಸ್ಕಿಗೆ, ಮೂಳೆ ಸರಿದಿಲ್ಲ ಅಂದರೆ ಸಾಮಾನ್ಯವಾಗಿ ಸ್ಕ್ರೂ ಬೇಕಾಗುವುದಿಲ್ಲ. ಮೂಳೆ ಅಲ್ಲಾಡುತ್ತಿದ್ದರೆ, ಜಾರಿದ್ದರೆ ಬೇಕು. ಅದು ಗೊತ್ತಾಗುವುದು ಮಲಗಿಸಿ ತೆಗೆದ ಎಂಆರ್‌ಐನಲ್ಲಿ ಅಲ್ಲ. ನಿಂತು ಮುಂದಕ್ಕೆ ಬಾಗಿ ಒಂದು, ಹಿಂದಕ್ಕೆ ಬಾಗಿ ಒಂದು ಎಕ್ಸ್‌ರೇ ತೆಗೆಯುತ್ತಾರೆ. ಅದು ಆಗಿದೆಯಾ? ಇಲ್ಲದಿದ್ದರೆ "ಸ್ಕ್ರೂ ಯಾಕೆ ಸರ್" ಅಂತ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೆ ಬೇರೆಯವರ ಹತ್ತಿರ ಹೋಗಿ.

ಎಲ್5-ಎಸ್1 ಬಲ್ಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋವೇ ಇಲ್ಲದ ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟು ಹಾಕಿ 2015ರಲ್ಲಿ ಲೆಕ್ಕ ಹಾಕಿದ್ದಾರೆ. 20ರ ವಯಸ್ಸಿನಲ್ಲೇ 100ಕ್ಕೆ 30 ಜನರಿಗೆ ಬಲ್ಜ್ ಇತ್ತು, 40ರಲ್ಲಿ 50, 80ರಲ್ಲಿ 84. ರಿಪೋರ್ಟಿನಲ್ಲಿ ಇರುವುದೆಲ್ಲ ಕಾಯಿಲೆಯಲ್ಲ. ಎಂಆರ್‌ಐ ಹೇಳುವ ನರ, ನೋವು ಇಳಿಯುವ ದಾರಿ, ಕಾಲು ಮುಟ್ಟಿ ನೋಡಿದಾಗ ಸಿಗುವುದು, ಮೂರೂ ಕೂಡಿದರೆ ಮಾತ್ರ ಆಪರೇಷನ್ ಫಲ ಕೊಡುತ್ತದೆ. ಕಾಲು ಮುಟ್ಟದೆ ಡೇಟ್ ಕೊಡುವವರ ಹತ್ತಿರ ನಾನಾದರೆ ಹೋಗುವುದಿಲ್ಲ.

ನಿಮ್ಮ ಅಮ್ಮನಿಗೆ ಇದನ್ನು ಹೇಳಿ. ಕಾಲುನೋವಿಗೆ ಡಿಸ್ಕ್ ಕಾರಣ ಅಂತ ಗಟ್ಟಿಯಾಗಿ ತೋರಿಸಿದ್ದೇ 1934ರಲ್ಲಿ, ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಅನ್ನುವ ಇಬ್ಬರು ಡಾಕ್ಟರು. ಅದಕ್ಕೆ ಮುಂಚೆ ಆ ಚೂರನ್ನು ಗೆಡ್ಡೆ ಅಂತಲೇ ತಿಳಿದಿದ್ದರು. ಆಮೇಲೆ ಎಷ್ಟೋ ವರ್ಷ ಬೆನ್ನು ಉದ್ದಕ್ಕೆ ಬಿಚ್ಚಿ, ಮೂಳೆ ಜಾಸ್ತಿ ತೆಗೆದು ಮಾಡುತ್ತಿದ್ದರು. ಯಾಸರ್‌ಗಿಲ್ ಮತ್ತು ಕ್ಯಾಸ್ಪರ್ ಅನ್ನುವ ಸರ್ಜನ್‌ಗಳು ಮೈಕ್ರೋಸ್ಕೋಪ್ ಹಿಡಿದು ಸಣ್ಣ ಗಾಯದಲ್ಲಿ ಮಾಡಿದ್ದನ್ನು ಬರೆದದ್ದು 1977ರಲ್ಲಿ. ಅದು ನಮ್ಮ ಊರುಗಳಿಗೆ ಬರಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ಅಮ್ಮ ಕಂಡದ್ದು ಹಳೇ ಆಪರೇಷನ್ ಇರಬೇಕು. ಎಂಡೋಸ್ಕೋಪಿಯಲ್ಲಿ (ಕ್ಯಾಮೆರಾ ಇರುವ ಸಣ್ಣ ಕೊಳವೆ ಹಾಕಿ ಮಾಡುವುದು) ಇನ್ನೂ ಸಣ್ಣ ಗಾಯ, ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಆದರೆ ಗಾಯ ಸಣ್ಣದು ಅಂತ ಅದನ್ನೇ ಹಿಡಿದು ಕೂರಬೇಡಿ, ನಿಮ್ಮ ಸರ್ಜನ್ ಕೈ ಯಾವುದರಲ್ಲಿ ಪಳಗಿದೆಯೋ ಅದು ಒಳ್ಳೆಯದು.

ಅಪಾಯ ಇಲ್ಲವೇ ಇಲ್ಲ ಅಂತಲ್ಲ. ನರದ ಸುತ್ತಲಿನ ಪೊರೆ ಹರಿದು ನೀರು ಸೋರಬಹುದು, ಆಗ ಹೊಲಿಗೆ ಹಾಕಿ ಮಲಗಿಸುತ್ತಾರೆ. ಕೀವು ಆಗಬಹುದು, ಶುಗರ್ ಇದ್ದವರಿಗೆ ಈ ಭಯ ಜಾಸ್ತಿ. ನರಕ್ಕೇ ಪೆಟ್ಟಾಗುವುದು ಅಪರೂಪ. ಅದೇ ಜಾಗದಲ್ಲಿ ಮತ್ತೆ ಚೂರು ಹೊರಬರುವುದು ಸುಮಾರಾಗಿ 100ಕ್ಕೆ 5ರಿಂದ 10 ಜನರಿಗೆ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿ.

ಜಗಳೂರಕ್ಕ

ನಮ್ಮ ಅಮ್ಮನಿಗೆ ಹೋದ ವರ್ಷ ಇದೇ ಆಪರೇಷನ್ ಆಯಿತು. ವೈದ್ಯಕೀಯ ಮೇಲಿನವರು ಹೇಳಿದ್ದಾರೆ, ನಾನು ದುಡ್ಡಿನದು ಹೇಳುತ್ತೇನೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಿಮ್ಮದು ಯಾವ ಕಾರ್ಡ್ ನೋಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಸರ್ಕಾರ ಇಟ್ಟಿರುವ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ ಕೊಡುತ್ತಾರೆ, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಆಗುವುದಿಲ್ಲ, ಎಮರ್ಜೆನ್ಸಿ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ನಾವು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಬರೆಸಿಕೊಂಡೆವು. ಬೆಳಗ್ಗೆ ಬೇಗ ಹೋಗಿ, ಆಧಾರ್, ರೇಷನ್ ಕಾರ್ಡ್ ಎರಡೂ ಒರಿಜಿನಲ್ ತಗೊಂಡು ಹೋಗಿ. ಝೆರಾಕ್ಸ್ ಅಂಗಡಿ ತೆಗೆದಿರುವುದಿಲ್ಲ, ಹಿಂದಿನ ದಿನವೇ ಮಾಡಿಸಿಕೊಳ್ಳಿ.

ಅಂಗಡಿ ಇದೆ ಅಂದರೆ ಬೇರೆ ಇನ್ಶೂರೆನ್ಸ್ ಮಾಡಿಸಿರಬಹುದು. ಪಾಲಿಸಿ ತೆಗೆದು ಸಣ್ಣ ಅಕ್ಷರ ಓದಿ. ಡಿಸ್ಕ್ ಸರಿದದ್ದಕ್ಕೆ ತುಂಬಾ ಪಾಲಿಸಿಗಳಲ್ಲಿ ಮೊದಲ ಎರಡು ವರ್ಷ ದುಡ್ಡು ಕೊಡುವುದಿಲ್ಲ, ಅಪಘಾತದಿಂದ ಆಗಿದ್ದರೆ ಮಾತ್ರ ಬೇರೆ. ನಮ್ಮ ಭಾವ ಇದು ಗೊತ್ತಿಲ್ಲದೆ ಕ್ಯಾಶ್‌ಲೆಸ್ ಅಂತ ಧೈರ್ಯವಾಗಿ ಅಡ್ಮಿಟ್ ಆಗಿ, ಡಿಸ್ಚಾರ್ಜ್ ದಿನ ಹೆಂಡತಿ ಬಳೆ ಒತ್ತೆ ಇಟ್ಟರು.

ಎಸ್ಟಿಮೇಟ್ ಬರೆಸಿಕೊಳ್ಳುವಾಗ ಇಂಪ್ಲಾಂಟ್ ಅಂತ ಸಾಲು ಇದೆಯಾ ನೋಡಿ. ಸ್ಕ್ರೂ ಹಾಕಿದರೆ ಬಿಲ್ಲಿನ ದೊಡ್ಡ ಪಾಲು ಅದೇ.

ಚೌಕಿಪೇಟೆ_ಗಾದಿ (ದಾವಣಗೆರೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಬ್ಬೊಬ್ಬರಿಗೂ ಬರೆಯಲು ಆಗಲಿಲ್ಲ, ಬೇಜಾರು ಬೇಡ.

ಫಿಸಿಯೋ ಸರ್ ಹೇಳಿದ ಹೆಬ್ಬೆರಳಿನ ಪರೀಕ್ಷೆ ಅವತ್ತು ರಾತ್ರಿಯೇ ಮಾಡಿದೆವು. ನನ್ನ ಮಗಳು ಏಳನೇ ಕ್ಲಾಸು. ಅವಳು ಎರಡೂ ಕೈಯ ಒಂದೊಂದು ಬೆರಳಿಟ್ಟು ಒತ್ತಿದಳು. ಬಲದ್ದು ಅಲ್ಲಾಡಲಿಲ್ಲ. ಎಡದ್ದು ಒಂದೇ ಬೆರಳಿಗೆ ಕೆಳಗೆ ಹೋಯಿತು. ಅವಳು "ಅಪ್ಪಾ, ಸುಮ್ನೆ ಆಟ ಆಡಬೇಡ, ಸರಿಯಾಗಿ ಎತ್ತು" ಅಂದಳು. ನಾನು ಸರಿಯಾಗೇ ಎತ್ತಿದ್ದೆ.

ಆಮೇಲೆ ಅಮ್ಮನೂ ವಾದ ಮಾಡಲಿಲ್ಲ. ಮೂರನೆಯವರ ಹತ್ತಿರ ಹೋದೆವು, ನ್ಯೂರೋ ಸರ್ಜನ್. ಫಿಲಂ ಕವರ್ ಬಿಚ್ಚುವ ಮುಂಚೆಯೇ ಮಂಚದ ಮೇಲೆ ಮಲಗಲು ಹೇಳಿದರು. ಹತ್ತಿಯ ಚೂರಿನಲ್ಲಿ ಪಾದ ಸವರಿ ಎಲ್ಲಿ ಗೊತ್ತಾಗುತ್ತದೆ, ಎಲ್ಲಿ ಇಲ್ಲ ಅಂತ ಪೆನ್ನಿನಲ್ಲಿ ಗೆರೆ ಎಳೆದರು. ಹಿಮ್ಮಡಿ ಮೇಲೆ ನಡೆಸಿದರು. ಆಮೇಲೆ ಫಿಲಂ ನೋಡಿದರು. ನಿಂತು ಬಾಗಿ ತೆಗೆಯುವ ಎಕ್ಸ್‌ರೇ ಬರೆದುಕೊಟ್ಟರು. ಮೂಳೆ ಜಾರಿಲ್ಲ, ಅಲ್ಲಾಡುತ್ತಿಲ್ಲ. ಸ್ಕ್ರೂ ಬೇಡ, ಎಲ್4-ಎಲ್5 ಒಂದೇ ಲೆವೆಲ್, ಮೈಕ್ರೋಸ್ಕೋಪ್‌ನಲ್ಲಿ ಚೂರು ತೆಗೆದರೆ ಸಾಕು ಅಂದರು. ಕೆಳಗಿನ ಬಲ್ಜ್ ಮುಟ್ಟುವುದಿಲ್ಲವಂತೆ.

ಇನ್ನೂ ಕಾಯಬಹುದಾ ಅಂತ ಕೇಳಿದೆ. "ಬರೀ ನೋವಾಗಿದ್ದರೆ ನಿಮ್ಮಿಷ್ಟ ಅಂತಿದ್ದೆ. ಬೆರಳಿನ ಬಲ ಹೋಗುತ್ತಿದೆ, ಪಾದ ಬಿದ್ದ ಮೇಲೆ ನನ್ನ ಹತ್ತಿರ ಬಂದರೆ ಎಷ್ಟು ವಾಪಸ್ ಬರುತ್ತದೆ ಅಂತ ಹೇಳಲಾರೆ" ಅಂದರು. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ನೋಡಿದರು, ಒಂಬತ್ತು ದಾಟಿದೆ. ಅದಕ್ಕೆ ಸರಿಯಾಗಿ ಬೈದರು. ಈಗ ಇನ್ಸುಲಿನ್ ಶುರು ಮಾಡಿದ್ದಾರೆ, ದಿನಾ ನೋಡಿ ಹಿಡಿತಕ್ಕೆ ತಂದುಕೊಂಡು ಮುಂದಿನ ವಾರ ಆಪರೇಷನ್. ಅನ್ನ ಕಡಿಮೆ, ಮಂಡಕ್ಕಿ ಮೆಣಸಿನಕಾಯಿ ಬಂದ್. ಸಂಜೆ ಅಂಗಡಿ ಮುಂದೆ ಗಾಡಿ ನಿಂತಿರುತ್ತದೆ, ಆ ವಾಸನೆ ತಡೆಯುವುದು ಕಾಲುನೋವಿಗಿಂತ ಕಷ್ಟ.

ಜಗಳೂರಕ್ಕ, ಪಾಲಿಸಿ ತೆಗೆದು ಓದಿದೆ. ಎರಡು ವರ್ಷದ ಸಾಲು ಇದೆ. ನಮ್ಮದು ಹಳೇ ಪಾಲಿಸಿ, ಬಚಾವ್.

ಸೀಸನ್‌ಗೆ ತಮ್ಮ ಮತ್ತು ಕೆಲಸದ ಹುಡುಗ ನೋಡಿಕೊಳ್ಳುತ್ತಾರೆ. ಎರಡು ವಿಷಯ ಉಳಿದಿದೆ. ಹರಿಹರದ ಅಣ್ಣಾ, ನಮ್ಮ ಮನೆಯಲ್ಲಿ ನೆಲದ ಕಕ್ಕಸು. ನೀವು ಏನು ಮಾಡಿದಿರಿ? ಗಾದಿ ಮೇಲೆ ಕೂರುವುದು ಯಾವಾಗ?

ಹತ್ತುಚಕ್ರ (ಹರಿಹರ)

ಒಳ್ಳೆಯದಾಯಿತು ಅಣ್ಣಾ.

ಕಕ್ಕಸಿಗೆ ಮಧ್ಯದಲ್ಲಿ ತೂತು ಇರುವ ಕುರ್ಚಿ ಸಿಗುತ್ತದೆ, ಸ್ಟೀಲ್ ಕಾಲಿನದು. ನೆಲದ ಕಕ್ಕಸಿನ ಮೇಲೇ ಇಟ್ಟುಕೊಳ್ಳಬಹುದು. ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಕೇಳಿ, ಬಾಡಿಗೆಗೂ ಕೊಡುತ್ತಾರೆ. ಆಪರೇಷನ್‌ಗೆ ಮುಂಚೆಯೇ ತಂದು ಕೂತು ನೋಡಿ. ನಮ್ಮ ಮನೆಯದರ ಒಂದು ಕಾಲು ಗಿಡ್ಡ ಇತ್ತು, ಡಿಸ್ಚಾರ್ಜ್ ಆಗಿ ಬಂದ ದಿನ ಅದರ ಮೇಲೆ ಕೂತು ಉಯ್ಯಾಲೆ ಆಡಿದೆ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ನೋವಿನ ಮಾತ್ರೆಗೆ ಹೊಟ್ಟೆ ಕಟ್ಟುತ್ತದೆ, ಮುಕ್ಕಿದರೆ ಸೊಂಟಕ್ಕೆ ಗೊತ್ತಾಗುತ್ತದೆ. ಮಗ್ಗುಲಿಗೆ ಹೊರಳಿ, ಕೈ ಊರಿ ಏಳುವುದನ್ನು ಈಗಲೇ ಅಭ್ಯಾಸ ಮಾಡಿ. ಆಸ್ಪತ್ರೆಯಿಂದ ಬರುವಾಗ ಆಟೋ ಬೇಡ, ಕಾರಿನ ಮುಂದಿನ ಸೀಟು ಹಿಂದಕ್ಕೆ ಒರಗಿಸಿಕೊಳ್ಳಿ. ಹಂಪ್ ಬಂದರೆ ಡ್ರೈವರ್‌ಗೆ ಬೈಯಲು ನಾಚಿಕೆ ಪಡಬೇಡಿ.

ಗಾದಿ ವಿಷಯ ಫಿಸಿಯೋ ಸರ್ ಹೇಳಲಿ.

ಫಿಸಿಯೋ_ದುರ್ಗ (ಚಿತ್ರದುರ್ಗ)

ಮೊದಲ ದಿನದಿಂದ ನಡೆಯಿರಿ, ಎಷ್ಟು ಸಲ ಬೇಕಾದರೂ. ಕೂರುವುದು ಮಾತ್ರ ಸ್ವಲ್ಪ ಸ್ವಲ್ಪ ಹೊತ್ತು, ಕುರ್ಚಿಯಲ್ಲಿ. ಮೊದಲ ಆರು ವಾರ ಬಾಗುವುದು, ತಿರುವುವುದು, ಭಾರ ಎತ್ತುವುದು ಮೂರೂ ಬೇಡ. ಚಕ್ಕಳಮಕ್ಕಳ ಹಾಕಿ ಮುಂದಕ್ಕೆ ಬಾಗಿ ಸೀರೆ ಎಳೆಯುವುದರಲ್ಲಿ ಮೂರೂ ಒಟ್ಟಿಗೆ ಇವೆ, ನಿಮ್ಮ ಡಿಸ್ಕಿಗೆ ಅದಕ್ಕಿಂತ ಕೆಟ್ಟ ಭಂಗಿ ನನಗೆ ಗೊತ್ತಿಲ್ಲ. ಯಾರಾದರೂ ಯೋಗ ಮಾಡಿ ಅಂತ ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ಹೇಳಿಕೊಟ್ಟರೆ ಅದನ್ನೂ ಬಿಡಿ. ಬೆಲ್ಟನ್ನು ಡಾಕ್ಟರ್ ಹೇಳಿದಷ್ಟು ದಿನ ಕಟ್ಟಿ, ಆಮೇಲೂ ಕಟ್ಟಿಕೊಂಡೇ ಇದ್ದರೆ ಸ್ನಾಯು ಸೋಮಾರಿ ಆಗುತ್ತದೆ.

ಅಂಗಡಿಯನ್ನು ಸ್ವಲ್ಪ ಬದಲಾಯಿಸಿ ಸರ್. ಒಂದು ಎತ್ತರದ ಮೇಜು, ಒಂದು ಸ್ಟೂಲ್. ಜಾಸ್ತಿ ಹೋಗುವ ಸೀರೆ ಸೊಂಟದ ಎತ್ತರದ ಕಪಾಟಿನಲ್ಲಿ. ಗಾದಿ ಗಿರಾಕಿಗಳಿಗೆ ಇರಲಿ.

ಚೌಕಿಪೇಟೆ_ಗಾದಿ (ದಾವಣಗೆರೆ)

ಕುರ್ಚಿ ಬಾಡಿಗೆಗೆ ತಂದಾಯಿತು, ನಾಲ್ಕೂ ಕಾಲು ಸಮ ಇದೆ, ನೋಡಿಯೇ ತಂದೆ. ಮೇಜಿನ ಮಾತು ಅಪ್ಪನ ಹತ್ತಿರ ಎತ್ತಿದೆ. "ಗಾದಿ ತೆಗೆದರೆ ಹಳೇ ಗಿರಾಕಿ ಬರಲ್ಲ" ಅಂತ ಮುಖ ತಿರುಗಿಸಿದ್ದಾರೆ. ತಮ್ಮ ಮಾತ್ರ ಬಡಗಿಗೆ ಅಳತೆ ಕೊಟ್ಟು ಬಂದಿದ್ದಾನೆ.